ಕಡಲಂಚಿನ ಜಾಗ: ಅಳತೆ ಎಲ್ಲಿಂದ?

ಪ್ರಶ್ನೆ: ಕುಮಟಾ ಹತ್ತಿರ ಹೊಳೆ ಪಕ್ಕ ಹತ್ತು ಗುಂಟೆ ಜಾಗ ಮಾರಾಟಕ್ಕಿದೆ. ‘ಕಡಲು ಎರಡು ಕಿಲೋಮೀಟರ್ ದೂರ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ತಾಗುವುದಿಲ್ಲ’ ಎನ್ನುತ್ತಾರೆ. ನಂಬಬಹುದೇ?

ನಂಬಬೇಡಿ. ಉಬ್ಬರರೇಖೆಯಿಂದ, ಅಂದರೆ ಉಬ್ಬರದ ನೀರು ಏರುವ ಗಡಿಯಿಂದ, 500 ಮೀಟರ್‌ವರೆಗೆ ಸಿಆರ್‌ಝಡ್ ಎಂಬುದು ಕಡಲತೀರದ ಲೆಕ್ಕ. ಹೊಳೆಯಲ್ಲಿ ಉಬ್ಬರದ ಉಪ್ಪುನೀರು ಏರುವಷ್ಟು ದೂರವೂ, ಅಂದರೆ ಕಡುಬೇಸಿಗೆಯಲ್ಲಿ ಲೀಟರಿಗೆ ಸುಮಾರು 5 ಗ್ರಾಂ ಉಪ್ಪು ಸಿಗುವಲ್ಲಿಯವರೆಗೂ, ದಂಡೆ ಸಿಆರ್‌ಝಡ್‌ಗೆ ಸೇರುತ್ತದೆ. ಅಲ್ಲಿ 2019ರ ಅಧಿಸೂಚನೆಯಂತೆ ಉಬ್ಬರರೇಖೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು. 2011ರ ನಿಯಮದಲ್ಲಿ ಇದು 100 ಮೀಟರ್ ಇತ್ತು, ಆದ್ದರಿಂದ ಯಾರಾದರೂ ನಕ್ಷೆ ತೋರಿಸಿದರೆ ಮೊದಲು ಇಸವಿ ನೋಡಿ.

ನೀರಿನ ಅಂಚಿನಿಂದ ಟೇಪು ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಉಬ್ಬರರೇಖೆ ಇರುವುದು ಅನುಮೋದಿತ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ. ಅದರ ಮೇಲೆ ನಿಮ್ಮ ಸರ್ವೆ ನಂಬರನ್ನು ಕೂರಿಸಿ ನೋಡಬೇಕು. ಪಹಣಿ, ಸರ್ವೆ ಇಲಾಖೆಯ 11ಇ ನಕ್ಷೆ ಲಗತ್ತಿಸಿ ಕಾರವಾರದ ಪ್ರಾದೇಶಿಕ ಪರಿಸರ ನಿರ್ದೇಶಕರ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಮುಂಗಡ ಕೊಡುವುದು ಆಮೇಲೆ.

ಜಾಗ ಗಜನಿ (ಉಪ್ಪುನೀರು ಏರುವ ತಗ್ಗಿನ) ಗದ್ದೆಯಾಗಿದ್ದರೆ ಇನ್ನೊಂದು ಸೂಕ್ಷ್ಮವಿದೆ. ಕಟ್ಟೆ ಅಥವಾ ತೂಬಿನ ಬಾಗಿಲು 1991ರ ಫೆಬ್ರವರಿ 19ಕ್ಕಿಂತ ಹಿಂದಿನದಾದರೆ ಉಬ್ಬರರೇಖೆ ಅಲ್ಲೇ ನಿಲ್ಲುತ್ತದೆ. ಇದು ಅನುಕೂಲವೇ. ಆದರೆ ಬೇಸಾಯ ಬಿಟ್ಟು, ತೂಬು ಕೆಟ್ಟು, ಉಪ್ಪುನೀರು ಒಳನುಗ್ಗಿ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆದಿದ್ದರೆ ಆ ತುಂಡು ಎಷ್ಟೇ ಚಿಕ್ಕದಿರಲಿ, 1ಎ, ಅಂದರೆ ಅತಿ ಸೂಕ್ಷ್ಮ ವಲಯ. ಮನೆಯ ಮಾತೇ ಇಲ್ಲ. ಗಿಡ ಕಡಿದು ಮಣ್ಣು ತುಂಬಿದರೂ ಹಳೆಯ ಉಪಗ್ರಹ ಚಿತ್ರ ಸುಳ್ಳು ಹೇಳದು. ಹೊಸದಾಗಿ ಮಣ್ಣು ಬಿದ್ದ ಜಾಗ ಕಂಡರೆ ನಾನಂತೂ ಅಲ್ಲಿಂದಲೇ ಹಿಂತಿರುಗಿ ಎನ್ನುತ್ತೇನೆ.

‘9/11 (ಪಂಚಾಯಿತಿಯ ಆಸ್ತಿ ದಾಖಲೆಯ ನಮೂನೆಗಳು) ಆಗಿದೆ’ ಎಂಬ ಮಾತೂ ರಕ್ಷಣೆಯಲ್ಲ. ಕೊಚ್ಚಿಯ ಮರಡು ಫ್ಲ್ಯಾಟುಗಳಿಗೆ ಪಂಚಾಯಿತಿ ಪರವಾನಗಿ ಇತ್ತು. ಕರಾವಳಿ ಪ್ರಾಧಿಕಾರದ ಒಪ್ಪಿಗೆ ಇರಲಿಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿಯಲ್ಲಿ ನಾಲ್ಕು ಸಮುಚ್ಚಯಗಳನ್ನು ಸ್ಫೋಟಿಸಿ ಕೆಡವಲಾಯಿತು.

ಪ್ರಶ್ನೆ: ಉಡುಪಿ ಜಿಲ್ಲೆಯ ಹಳ್ಳಿಯಲ್ಲಿ, ಉಬ್ಬರರೇಖೆಯಿಂದ 120 ಮೀಟರಿನಲ್ಲಿ ನಮ್ಮ ಹಿರಿಯರ ಹೆಂಚಿನ ಮನೆಯಿದೆ. ಕೆಡವಿ ಮಹಡಿ ಮನೆ ಕಟ್ಟಬಹುದೇ? ಹೋಂಸ್ಟೇ?

ಊರಿನ ಜನಸಾಂದ್ರತೆ ನೋಡಬೇಕು. 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚಿದ್ದರೆ ಊರು 3ಎ ವಲಯ, ನಿರ್ಮಾಣ ನಿಷೇಧ ಉಬ್ಬರರೇಖೆಯಿಂದ 50 ಮೀಟರ್ ಮಾತ್ರ. ನಿಮ್ಮ ಮನೆ ಅದರಾಚೆ ಬರುತ್ತದೆ. ಊರಿನ ನಿವಾಸಿಗಳಾಗಿ 9 ಮೀಟರ್ ಎತ್ತರದೊಳಗೆ ನೆಲ ಮತ್ತು ಒಂದು ಮಹಡಿ ಕಟ್ಟಬಹುದು. ಸ್ವಂತ ವಾಸಕ್ಕೆ 300 ಚದರ ಮೀಟರ್ ಒಳಗಿನ ಮನೆಯಾದರೆ ಕಡತ ಪ್ರಾಧಿಕಾರಕ್ಕೆ ಹೋಗಬೇಕಿಲ್ಲ, ಸ್ಥಳೀಯ ಸಂಸ್ಥೆಯೇ ನಿಯಮ ನೋಡಿ ಅನುಮತಿ ಕೊಡುತ್ತದೆ. ಸಾಂದ್ರತೆ ಕಡಿಮೆಯಿದ್ದರೆ 3ಬಿ ವಲಯ, ನಿಷೇಧ 200 ಮೀಟರ್. ಅಲ್ಲಿ ಅಧಿಕೃತ ಹಳೆಯ ಮನೆಯನ್ನು ಇದ್ದ ತಳಪಾಯ, ಇದ್ದ ವಿಸ್ತೀರ್ಣ ಮೀರದೆ ಮರುಕಟ್ಟಬಹುದು. ಮಹಡಿ ಏರಿಸಿದರೆ ವಿಸ್ತೀರ್ಣ ಮೀರಿತು.

ಹೋಂಸ್ಟೇಗೆ ಅವಕಾಶ ಇರುವುದು ಈಗಿರುವ ಮನೆಯ ತಳಪಾಯ, ವಿನ್ಯಾಸ, ಹೊರನೋಟ ಬದಲಿಸದಿದ್ದರೆ. ಹೊಸ ಮನೆ, ಹೋಂಸ್ಟೇ ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಿದರೆ ತಿರಸ್ಕಾರಕ್ಕೆ ನೀವೇ ಕಾರಣ ಬರೆದುಕೊಟ್ಟಂತೆ.

ಪ್ರಶ್ನೆ: ಅದೇ ಮನೆಗೆ ಬೋರ್‌ವೆಲ್?

ಹಳ್ಳಿಗಳಲ್ಲಿ ಉಬ್ಬರರೇಖೆಯಿಂದ 200 ಮೀಟರ್ ಒಳಗೆ ಅಂತರ್ಜಲ ಎತ್ತುವಂತಿಲ್ಲ. ಸ್ಥಳೀಯರು ವಾಸಿಸುವಲ್ಲಿ ಅವರ ಸ್ವಂತ ಬಳಕೆಗಷ್ಟೇ ವಿನಾಯಿತಿ. ಅತಿಥಿಗಳ ಸ್ನಾನ ಅದರಲ್ಲಿ ಸೇರದು. ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಪಂಪು ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ, ನಿಮ್ಮದಷ್ಟೇ ಅಲ್ಲ, ಪಕ್ಕದ ಮನೆಯ ಬಾವಿಯೂ ಕೆಡುತ್ತದೆ.