ಸಿನಿಮಾ ಮೈನರ್ ತಗೊಂಡರೆ ಅಂಕ ಸುಲಭವೇ?

ಪ್ರಶ್ನೆ: ಸಿನಿಮಾ ಮೈನರ್ ಮುಗಿಸಿದರೆ ನಿರ್ದೇಶಕ ಆಗಬಹುದಾ?

ಉತ್ತರ: ಮೈನರ್ ಅಂದರೆ ಪದವಿಯಲ್ಲಿ ಮುಖ್ಯ ವಿಷಯದ ಜೊತೆಗೆ ಓದುವ ಚಿಕ್ಕ ವಿಷಯ. ಅದು ಇರುವುದು ನಿರ್ದೇಶಕರನ್ನು ತಯಾರು ಮಾಡುವುದಕ್ಕಲ್ಲ. ಮೂರೇ ತಿಂಗಳಲ್ಲಿ ನಿರ್ದೇಶಕರನ್ನಾಗಿ ಮಾಡುತ್ತೇವೆ ಎನ್ನುವವರಿಗಂತೂ ದುಡ್ಡು ಕೊಡಲೇಬೇಡಿ.

ಪ್ರಶ್ನೆ: ನಾನು ಮನಶ್ಶಾಸ್ತ್ರ ಓದುತ್ತಿದ್ದೇನೆ. ಜೊತೆಗೆ ಸಿನಿಮಾ ಮೈನರ್ ತಗೊಳ್ಳುವ ಆಸೆ. ಸುಮ್ನೆ ಸಿನಿಮಾ ನೋಡಿದರೆ ಅಂಕ ಬರುತ್ತದೆ ಅಂತ ಸೀನಿಯರ್‌ಗಳು ಹೇಳುತ್ತಾರೆ. ನಿಜವೇ?

ಉತ್ತರ: ಸುಳ್ಳು. ಪ್ರತಿ ವರ್ಷ ಇದೇ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಕಟ್ ಎಲ್ಲಿ ಬಿತ್ತು, ಕ್ಯಾಮೆರಾ ಯಾರ ಕಡೆ ನಿಂತಿತ್ತು, ಶಬ್ದ ಯಾವಾಗ ನಿಂತಿತು ಅಂತ ಬರೆಯುತ್ತಾ ಕೂತರೆ ಎರಡು ನಿಮಿಷದ ದೃಶ್ಯಕ್ಕೆ ಇಡೀ ಸಂಜೆ ಬೇಕು.

ಆದರೆ ನಿಮ್ಮಂಥವರು ಬರಲೇಬೇಕು. ಯಾಕೆ ಅಂತ ಹೇಳುತ್ತೇನೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಮುಖದ ಒಂದೇ ಶಾಟನ್ನು ಒಮ್ಮೆ ಸೂಪಿನ ಬಟ್ಟಲಿನ ಶಾಟಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಶಾಟಿನ ಪಕ್ಕ ಜೋಡಿಸಿದರು. ಅದೇ ಮುಖದಲ್ಲಿ ಜನರಿಗೆ ಹಸಿವೂ ಕಂಡಿತು, ದುಃಖವೂ ಕಂಡಿತು ಎನ್ನುವುದು ಕಥೆ. ಸಿನಿಮಾ ತರಗತಿಯಲ್ಲಿ ಇದನ್ನು ಪ್ರಶ್ನೆಯೇ ಇಲ್ಲದೆ ಒಪ್ಪುತ್ತಾರೆ. ಮನಶ್ಶಾಸ್ತ್ರ ಓದಿದವರು ಎಷ್ಟು ಜನ ನೋಡಿದರು, ಹೋಲಿಕೆಗೆ ಏನು ಇಟ್ಟಿದ್ದರು ಅಂತ ಕೇಳಬೇಕು, ಅಲ್ವಾ? 1992ರಲ್ಲಿ ಇಬ್ಬರು ಸಂಶೋಧಕರು ಇದನ್ನೇ ಮತ್ತೆ ಮಾಡಿ ನೋಡಿದಾಗ ಆ ಪರಿಣಾಮ ಸಿಗಲಿಲ್ಲ. ಆಮೇಲಿನ ಕೆಲವು ಪ್ರಯೋಗಗಳಲ್ಲಿ ಸಿಕ್ಕಿತು. ಈ ಜಗಳ ನಿಮ್ಮ ಎರಡೂ ವಿಷಯಗಳಿಗೆ ಸೇರಿದ್ದು.

ಇನ್ನೊಂದು. ಕಣ್ಣಲ್ಲಿ ಚಿತ್ರ ಒಂದು ಕ್ಷಣ ಉಳಿಯುವುದರಿಂದಲೇ ಸಿನಿಮಾ ಓಡಿದಂತೆ ಕಾಣುತ್ತದೆ ಅಂತ ನೋಟ್ಸ್‌ನಲ್ಲಿ ಈಗಲೂ ಬರೆಸುತ್ತಾರೆ. ನೋಡಿದರೆ ಸಿಟ್ಟು ಬರುತ್ತದೆ. ಚಿತ್ರಗಳು ಹಾಗೆ ಉಳಿದಿದ್ದರೆ ಒಂದರ ಮೇಲೊಂದು ಕಲಸಿಹೋಗುತ್ತಿದ್ದವು. ನಿಂತ ಚಿತ್ರಗಳಿಂದ ಮಿದುಳು ಚಲನೆಯನ್ನು ಕಟ್ಟಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವೆರ್ಟ್‌ಹೈಮರ್ 1912ರಲ್ಲೇ ಇಂಥ ಚಲನೆಯ ಬಗ್ಗೆ ಬರೆದಿದ್ದರು. ಅದು ನಿಮ್ಮದೇ ಶಾಸ್ತ್ರದ ಹಳೆಯ ಪಾಠ.

ಸೇರುವ ಮುಂಚೆ ಕೊನೆಯ ಪ್ರಬಂಧವನ್ನು ಮನಶ್ಶಾಸ್ತ್ರದ ವಿಷಯದ ಮೇಲೆ ಬರೆಯಬಹುದಾ, ಆ ವಿಭಾಗದವರೂ ಅದನ್ನು ಓದುತ್ತಾರಾ ಅಂತ ಕೇಳಿ. ಇಲ್ಲ ಅಂದರೆ ನಾನಾಗಿದ್ದರೆ ಸೇರುತ್ತಿರಲಿಲ್ಲ. ಎರಡು ವಿಷಯ ಒಂದನ್ನೊಂದು ಮುಟ್ಟದೆ ಮುಗಿಯುವ ಮೈನರ್‌ಗಳನ್ನು ಜಾಸ್ತಿ ನೋಡಿದ್ದೇನೆ.

ಪ್ರಶ್ನೆ: ದುಬಾರಿ ಕ್ಯಾಮೆರಾ ಬೇಕಾ?

ಉತ್ತರ: ಬೇಡ. ನೋಟ್‌ಬುಕ್ ತನ್ನಿ.