ದೊಡ್ಡವರಾದ ಮೇಲೂ ಗೊಂಬೆ ಕೂಡಿಡೋದು

ಮೂವತ್ತೆಂಟನೇ ವಯಸ್ಸಲ್ಲಿ ಪುಟ್ಟ ಗೊಂಬೆ, ಹಳೇ ಪೋಸ್ಟ್‌ಕಾರ್ಡ್ ಕೂಡಿಡೋದು ಹುಡುಗಾಟವಾ, ಗೊಂಬೆಗಳು ಯಾಕೆ ಅಂಟಂಟಾಗ್ತಿವೆ ಅಂತ ಕೇಳಿದ್ದೀರಿ. ಹುಡುಗಾಟ ಖಂಡಿತ ಅಲ್ಲ.

ನನ್ನ ಮೇಜಿನ ಮೇಲೆ ಏಳೂವರೆ ಸೆಂಟಿಮೀಟರ್ ಎತ್ತರದ, ಪ್ಲೇಮೊಬಿಲ್ ಅನ್ನೋ ಜರ್ಮನ್ ಬ್ರ್ಯಾಂಡಿನ ಪ್ಲಾಸ್ಟಿಕ್ ನಾವಿಕನೊಬ್ಬ ನಿಂತಿದ್ದಾನೆ. 1974ರಲ್ಲಿ ಈ ಗೊಂಬೆಗಳು ಬಂದಾಗಿನಿಂದ ಅದೇ ಚುಕ್ಕಿ ಕಣ್ಣು, ಅದೇ ನಗು, ಮೂಗೇ ಇಲ್ಲ. ಕೆಲಸದ ನಡುವೆ ಅವನ ಕೈ ಎತ್ತಿ ಇಳಿಸಿದರೆ ಸಾಕು, ಮನಸ್ಸು ಹಗುರಾಗುತ್ತೆ.

ಪೋಸ್ಟ್‌ಕಾರ್ಡಿನ ಸುಖವೇ ಬೇರೆ. 1902ರಲ್ಲಿ ಬ್ರಿಟನ್ ಕಾರ್ಡಿನ ಹಿಂಬದಿಯನ್ನ ವಿಳಾಸಕ್ಕೂ ಬರಹಕ್ಕೂ ಹಂಚಿಕೊಳ್ಳೋಕೆ ಬಿಟ್ಟಿತು. ಅದಕ್ಕೂ ಮುಂಚೆ ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು, ಹಾಗಾಗಿ ಜನ ಚಿತ್ರದ ಅಂಚಲ್ಲೇ ಅಕ್ಷರ ತುರುಕಿದ್ದಾರೆ. ನನ್ನ ಹತ್ತಿರ ಇರೋ ಒಂದರಲ್ಲಿ ಸಮುದ್ರದ ಅಲೆಯ ಮೇಲೇ ಕ್ಷೇಮಸಮಾಚಾರ ಹರಿದಿದೆ, ಕೊನೆಯ ಪದದ ಹತ್ತಿರ ಶಾಯಿ ಕದಡಿದೆ. ಎಷ್ಟು ಸಲ ನೋಡಿದರೂ ಸಾಲದು!

ಇನ್ನು ಅಂಟಿನ ವಿಷಯ. ಮೆತ್ತನೆ ಪಿವಿಸಿ ಗೊಂಬೆಗಳಾದರೆ, ಪ್ಲಾಸ್ಟಿಕ್ ಮೆದುವಾಗಲಿ ಅಂತ ಬೆರೆಸಿದ ರಾಸಾಯನಿಕ ಮೇಲಕ್ಕೆ ಜಿನುಗ್ತಿರಬೇಕು. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ ಮೆಲ್ಲಗೆ ತೊಳೆದು, ನೆರಳಲ್ಲಿ ಒಣಗಿಸಿ. ಗಾಳಿಯಾಡದ ಡಬ್ಬಿ ಬೇಡ. ಕಾರ್ಡುಗಳನ್ನೂ ಪಿವಿಸಿ ಕವರಿನಿಂದ ಇವತ್ತೇ ತೆಗೆದುಬಿಡಿ, ಪಾಲಿಪ್ರೊಪಿಲೀನ್ ಕವರ್ ಒಳ್ಳೇದು.