ಹೆಸರಿನ ಕೊನೆಯ ‘ಯಾನ್’

ಪ್ರಶ್ನೆ: ಸಂಗೀತ ಸಂಯೋಜಕ ಅರಾಮ್ ಖಚತುರಿಯನ್, ಫುಟ್‌ಬಾಲ್ ಆಟಗಾರ ಹೆನ್ರಿಖ್ ಮ್ಖಿತಾರ್ಯಾನ್, ಟಿ.ವಿ. ತಾರೆ ಕಿಮ್ ಕಾರ್ಡಾಶಿಯನ್ – ಅರ್ಮೇನಿಯನ್ ಮೂಲದವರ ಹೆಸರುಗಳು ‘ಯಾನ್’ ಅಥವಾ ‘ಇಯನ್’ ಎಂದೇ ಮುಗಿಯುವುದೇಕೆ? ಅದು ಊರಿನ ಹೆಸರೇ, ಪಂಗಡದ ಹೆಸರೇ?

ಉತ್ತರ: ಎರಡೂ ಅಲ್ಲ. ‘ಇಂಥವರ ಮನೆಯವರು’, ‘ಇಂಥವರ ವಂಶದವರು’ ಎಂಬ ಅರ್ಥ ಕೊಡುವ ಪ್ರತ್ಯಯ ಅದು. ಪೆಟ್ರೋಸ್ಯಾನ್ ಎಂದರೆ ಪೆಟ್ರೋಸನ ಮನೆಯವರು, ಗ್ರಿಗೋರ್ಯಾನ್ ಎಂದರೆ ಗ್ರಿಗೋರನ ಮನೆಯವರು. ಹಳೆಯ ರೂಪವಾದ ‘ಯಾಂತ್ಸ್’ನಲ್ಲಿ ಈ ಷಷ್ಠಿಯ ಭಾವ ಇನ್ನೂ ಸ್ಪಷ್ಟವಾಗಿದೆ, ದಕ್ಷಿಣದ ಸ್ಯೂನಿಕ್ ಸೀಮೆಯಲ್ಲಿ ‘ಉಂತ್ಸ್’, ‘ಎಂತ್ಸ್’ ಎಂದು ಮುಗಿಯುವ ಮನೆತನದ ಹೆಸರುಗಳು ಇಂದಿಗೂ ಉಳಿದಿವೆ. ಪ್ರಾಚೀನ ಕಾಲದ ಸಾಮಂತ ಮನೆತನಗಳಲ್ಲಿ ಮಾಮಿಕೋನ್ಯಾನ್ ಎಂಬುದಿದ್ದಂತೆ ಬಗ್ರತುನಿ, ಅರ್ತ್ಸ್ರುನಿ ಎಂಬ ‘ಉನಿ’ ಕಾರಾಂತ ಹೆಸರುಗಳೂ ಇದ್ದವು. ವಿದ್ವಾಂಸರನ್ನು ಗುರುತಿಸುತ್ತಿದ್ದುದು ಬಹುಮಟ್ಟಿಗೆ ಊರಿನಿಂದ: ನರೆಕದ ಗ್ರಿಗೋರ್ ನರೆಕಾತ್ಸಿಯಾದ, ಶಿರಾಕದ ಅನಾನಿಯ ಶಿರಾಕಾತ್ಸಿಯಾದ.

ನೀವು ಕೊಟ್ಟ ಮೊದಲ ಹೆಸರನ್ನೇ ಬಿಡಿಸಿ ನೋಡೋಣ. ‘ಖಾಚ್’ ಎಂದರೆ ಶಿಲುಬೆ, ‘ತುರ್’ ಎಂದರೆ ಕೊಟ್ಟದ್ದು; ಖಚತುರ್ ಎಂದರೆ ಶಿಲುಬೆಯ ವರದಿಂದ ಹುಟ್ಟಿದವನು. ಇದಕ್ಕೆ ‘ಯಾನ್’ ಸೇರಿದಾಗ ಅರ್ಮೇನಿಯನ್ ಉಚ್ಚಾರಣೆಯಲ್ಲಿ ನಡುವಿನ ಉಕಾರ ಲೋಪವಾಗಿ ಖಚಾತ್ರ್ಯಾನ್ ಎಂದಾಗುತ್ತದೆ. ರಷ್ಯನ್ನರು ಆ ಉಕಾರವನ್ನು ಉಳಿಸಿಕೊಂಡು ಬರೆದದ್ದರಿಂದ ಜಗತ್ತಿಗೆ ಪರಿಚಯವಾದದ್ದು ಖಚತುರಿಯನ್ ಎಂಬ ರೂಪ. ಮ್ಖಿತಾರ್ ಎಂದರೆ ಸಾಂತ್ವನ ನೀಡುವವನು. ಕ್ರಿ.ಶ. ನಾಲ್ಕನೆಯ ಶತಮಾನದ ಆರಂಭದಲ್ಲೇ ಕ್ರೈಸ್ತಮತವನ್ನು ರಾಜ್ಯಧರ್ಮವಾಗಿ ಸ್ವೀಕರಿಸಿದ ಜನರಾದ್ದರಿಂದ ಹರುತ್ಯುನ್ಯಾನ್ (ಪುನರುತ್ಥಾನ), ಅವೆತಿಸ್ಯಾನ್ (ಶುಭವಾರ್ತೆ), ಕರಪೆತ್ಯಾನ್ (ಮುಂದೂತ, ಅಂದರೆ ಸ್ನಾನಿಕ ಯೋಹಾನ) ಮುಂತಾದ ಹೆಸರುಗಳು ಅವರಲ್ಲಿ ಹೇರಳ.

ಆದರೆ ‘ಇಯನ್’ ಕಂಡಲ್ಲೆಲ್ಲ ಅರ್ಮೇನಿಯನ್ನರೆಂದು ತೀರ್ಮಾನಿಸಬಾರದು. ಇರಾನಿನಲ್ಲಿ ಕರೀಮಿಯನ್, ಅಹ್ಮದಿಯನ್ ಎಂಬ ಮುಸ್ಲಿಂ ಕುಟುಂಬಗಳೂ ಇವೆ.

ಪ್ರಶ್ನೆ: ಕಾರ್ಡಾಶಿಯನ್ ಎಂಬುದು ಸಹೋದರ ಎಂಬ ಅರ್ಥದ ತುರ್ಕಿ ಪದ ‘ಕಾರ್ದೆಶ್’ನಿಂದ ಬಂದದ್ದೆಂದು ಕೇಳಿದ್ದೇನೆ. ಸರಿಯೇ? ಒಂದೇ ಹೆಸರನ್ನು ಪೆಟ್ರೋಸ್ಯಾನ್, ಬೆದ್ರೋಸಿಯನ್ ಎಂದು ಎರಡು ಬಗೆಯಾಗಿ ಬರೆಯುವುದೇಕೆ?

ಉತ್ತರ: ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಅರ್ಮೇನಿಯನ್ ಭಾಷೆಗೆ ಪೂರ್ವ, ಪಶ್ಚಿಮ ಎಂಬ ಎರಡು ಶಿಷ್ಟರೂಪಗಳಿವೆ. ಪೂರ್ವದವರು ಪ, ತ, ಕ ಎಂದು ಉಚ್ಚರಿಸುವ ಅಕ್ಷರಗಳನ್ನೇ ಆಟೊಮನ್ ಸಾಮ್ರಾಜ್ಯದಲ್ಲಿ ಬಾಳಿದ ಪಶ್ಚಿಮದವರು ಬ, ದ, ಗ ಎಂದು ಉಚ್ಚರಿಸುತ್ತಾರೆ; ಪೂರ್ವದವರ ಗಕಾರ ಪಶ್ಚಿಮದವರಲ್ಲಿ ಕಕಾರವಾಗುತ್ತದೆ. ಹಾಗಾಗಿ ಪೆಟ್ರೋಸ್ಯಾನ್ ಬೆದ್ರೋಸಿಯನ್ ಆಯಿತು, ಹಕೋಬ್ಯಾನ್ ಹಗೋಪಿಯನ್ ಆಯಿತು, ಗ್ರಿಗೋರ್ಯಾನ್ ಕ್ರಿಕೋರಿಯನ್ ಆಯಿತು. 1915ರ ನರಮೇಧದಿಂದ ಪಾರಾಗಿ ಸಿರಿಯಾ, ಲೆಬನಾನ್, ಫ್ರಾನ್ಸ್, ಅಮೆರಿಕಗಳಲ್ಲಿ ನೆಲೆಸಿದವರಲ್ಲಿ ಹೆಚ್ಚಿನವರು ಪಶ್ಚಿಮದವರು. ಅವರ ಬರವಣಿಗೆಯಲ್ಲಿ ‘ಇಯನ್’ ಉಳಿಯಿತು. ಸೋವಿಯತ್ ಅರ್ಮೇನಿಯದಲ್ಲಿ 1922ರ ಕಾಗುಣಿತ ಸುಧಾರಣೆಯ ನಂತರ ‘ಯಾನ್’ ನೆಲೆಗೊಂಡಿತು. ಒಂದು ಹೆಸರಿನ ಕಾಗುಣಿತವನ್ನು ನೋಡಿಯೇ ಆ ಕುಟುಂಬ ಯಾವ ದಾರಿಯಲ್ಲಿ ಬಂದಿರಬಹುದೆಂದು ಬಹಳ ಸಲ ಊಹಿಸಲು ಸಾಧ್ಯವಾಗುವುದು ಇದರಿಂದಲೇ.

ಈಗ ಕಾರ್ಡಾಶಿಯನ್. ಅರ್ಮೇನಿಯನ್ ಲಿಪಿಯಲ್ಲಿ ಬರೆದುಕೊಂಡರೆ ಇದು ‘ಕಾರ್’ ಮತ್ತು ‘ತಾಶ್’ ಎಂಬ ಎರಡು ಶುದ್ಧ ದೇಶೀಯ ಪದಗಳ ಸಮಾಸ. ಕಾರ್ ಎಂದರೆ ಕಲ್ಲು, ತಾಶ್ ಎಂದರೆ ಕೆತ್ತು. ಪಶ್ಚಿಮದ ಉಚ್ಚಾರಣೆಯಲ್ಲಿ ತಾಶ್ ‘ದಾಶ್’ ಆಗುತ್ತದೆ. ಆದ್ದರಿಂದ ಇದು ಕಲ್ಲುಕುಟಿಗರ ಮನೆತನ, ಅಣ್ಣತಮ್ಮಂದಿರ ವಿಷಯ ಇಲ್ಲಿಲ್ಲ. ತುರ್ಕಿ ಪದದ ಹೋಲಿಕೆ ಆಕಸ್ಮಿಕ.

ಹಾಗೆಂದು ತುರ್ಕಿ ಪದಗಳು ಅರ್ಮೇನಿಯನ್ ಹೆಸರುಗಳಲ್ಲಿ ಇಲ್ಲವೆಂದಲ್ಲ, ಬೇಕಾದಷ್ಟಿವೆ. ಕನ್ನಡದಲ್ಲಿ ಬಳೆಗೆ ‘ಗಾರ’ ಸೇರಿ ಬಳೆಗಾರ ಆಗುವ ಹಾಗೆ ತುರ್ಕಿಯಲ್ಲಿ ಕಸುಬನ್ನು ಸೂಚಿಸಲು ‘ಜಿ’ ಅಥವಾ ‘ಚಿ’ ಸೇರುತ್ತದೆ. ಕುಯುಮ್ಜಿಯನ್ ಅಕ್ಕಸಾಲಿಗರ ಮನೆ, ಬೋಯಾಜಿಯನ್ ಬಣ್ಣಗಾರರ ಮನೆ, ಎಕ್ಮೆಕ್ಜಿಯನ್ ರೊಟ್ಟಿ ಮಾಡುವವರ ಮನೆ. ಕಮ್ಮಾರರಿಗಂತೂ ಎರಡು ಹೆಸರು: ತುರ್ಕಿಯಿಂದ ಬಂದ ದೆಮಿರ್ಚ್ಯಾನ್, ಅರ್ಮೇನಿಯನ್ನಿನದೇ ಆದ ದರ್ಬಿನ್ಯಾನ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜಿಲ್ಜಿಯನ್. ಹದಿನೇಳನೆಯ ಶತಮಾನದ ಆರಂಭದಲ್ಲಿ ಇಸ್ತಾಂಬುಲ್‌ನ ಲೋಹಕಾರ ಅವೆದಿಸ್ ಎಂಬಾತ ತಯಾರಿಸಿದ ತಾಳಗಳಿಗೆ ಮೆಚ್ಚಿ ಸುಲ್ತಾನನು ಈ ಹೆಸರು ಕೊಟ್ಟನೆಂದು ಆ ಮನೆತನ ಹೇಳಿಕೊಳ್ಳುತ್ತದೆ. ‘ಜಿಲ್’ ಎಂದರೆ ತಾಳ, ‘ಜಿ’ ಎಂದರೆ ಮಾಡುವವನು. ಇವೆರಡೂ ತುರ್ಕಿ, ಕೊನೆಯ ‘ಯನ್’ ಮಾತ್ರ ಅರ್ಮೇನಿಯನ್. 1623ರಲ್ಲಿ ಸ್ಥಾಪನೆಯಾಯಿತೆನ್ನುವ ಅವರ ಸಂಸ್ಥೆ ಈಗ ಅಮೆರಿಕದಲ್ಲಿದ್ದು, ಡ್ರಮ್ ವಾದಕರಿಗೆಲ್ಲ ಚಿರಪರಿಚಿತ.

ಪ್ರಶ್ನೆ: ಲೆವೋನ್ ತೆರ್-ಪೆಟ್ರೋಸ್ಯಾನ್ ಅವರ ಹೆಸರಿನಲ್ಲಿರುವ ‘ತೆರ್’ ಏನು? ‘ಯಾನ್’ ಇಲ್ಲದ ಅರ್ಮೇನಿಯನ್ನರೂ ಇದ್ದಾರೆಯೇ?

ಉತ್ತರ: ‘ತೆರ್’ ಎಂದರೆ ಒಡೆಯ, ಪಾದ್ರಿಗಳನ್ನು ಗೌರವದಿಂದ ಕರೆಯುವ ಪದ. ಅರ್ಮೇನಿಯದ ಚರ್ಚಿನಲ್ಲಿ ಊರಿನ ಪಾದ್ರಿಗಳು ಮದುವೆಯಾಗಬಹುದು, ಆದ್ದರಿಂದ ಅವರಿಗೆ ವಂಶಸ್ಥರೂ ಇರುತ್ತಾರೆ. 1991ರಲ್ಲಿ ಸ್ವತಂತ್ರ ಅರ್ಮೇನಿಯದ ಮೊದಲ ಅಧ್ಯಕ್ಷರಾದವರ ಹೆಸರು ‘ಪಾದ್ರಿ ಪೆಟ್ರೋಸರ ಮನೆಯವರು’ ಎಂದು ಅರ್ಥ ಕೊಡುತ್ತದೆ. ಪಶ್ಚಿಮದವರಲ್ಲಿ ಇದೇ ‘ದೆರ್’ ಆಗುತ್ತದೆ.

‘ಯಾನ್’ ಕಳೆದುಕೊಂಡವರು, ಕಳಚಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಕಡಲಿನ ಚಿತ್ರಗಳಿಗೆ ಹೆಸರಾದ ಐವಜೋವ್ಸ್ಕಿ ಮೂಲತಃ ಐವಜ್ಯಾನ್. ಚೆಸ್ ಆಟಗಾರ ಗ್ಯಾರಿ ಕಾಸ್ಪರೋವ್ ಅವರದು ತಾಯಿಯ ಮನೆತನದ ಹೆಸರು, ಗಾಸ್ಪರ್ಯಾನ್ ಎಂಬುದರ ರಷ್ಯನ್ ರೂಪ. ಫ್ರಾನ್ಸಿನ ಗಾಯಕ ಶಾರ್ಲ್ ಅಜ್ನವೂರ್ ತಮ್ಮ ಅಜ್ನವೂರಿಯನ್ ಎಂಬ ಹೆಸರಿನ ಬಾಲವನ್ನು ತಾವೇ ಕತ್ತರಿಸಿಕೊಂಡರು. ತುರ್ಕಿಯಲ್ಲಿ ಅದು ಆಯ್ಕೆಯಾಗಿರಲಿಲ್ಲ: 1934ರ ಕುಲನಾಮ ಕಾನೂನಿನ ನಿಯಮಾವಳಿ, ಹೊಸದಾಗಿ ನೋಂದಾಯಿಸುವ ಹೆಸರುಗಳಲ್ಲಿ ‘ಯಾನ್’ನಂಥ ಪರಭಾಷಾ ಪ್ರತ್ಯಯಗಳನ್ನು ನಿಷೇಧಿಸಿತು. ತುರ್ಕಿ ಭಾಷೆಯ ಸುಧಾರಣೆಗೆ ದುಡಿದ ಭಾಷಾವಿಜ್ಞಾನಿ ಹಗೋಪ್ ಮಾರ್ತಾಯಾನ್ ಅವರಿಗೆ ಅತಾತುರ್ಕ್ ಸೂಚಿಸಿದ ಹೊಸ ಹೆಸರು ದಿಲಾಚಾರ್, ಅಂದರೆ ನುಡಿಯನ್ನು ತೆರೆಯುವವನು.